ಗಂಜೀಫದಲ್ಲಿ ನಿಯಮವೂ ಕಥೆಯೂ

ಆಟದಲ್ಲಿ ನಿಯಮವು ಮೊದಲೋ ಕಥೆಯು ಮೊದಲೋ ಎಂಬ ಪ್ರಶ್ನೆಯು ಈಚೆಗೆ ವಿಡಿಯೋ ಆಟಗಳ ವಿಷಯದಲ್ಲಿ ಬಹಳವಾಗಿ ಚರ್ಚಿತವಾಗಿದೆ. ಕನ್ನಡನಾಡಿನಲ್ಲಿ ಇದರ ವಿಚಾರಕ್ಕೆ ಮೈಸೂರಿನ ಗಂಜೀಫದ ಎಲೆಗಳು ಉತ್ತಮ ಸಾಧನವಾಗಿವೆ.

ಗಂಜೀಫವು ಪಾರಸೀಕರ ಮೂಲಕ ಭರತಖಂಡಕ್ಕೆ ಬಂದ ಎಲೆಯಾಟವು. 1527ರಲ್ಲಿ ಬಾಬರನು ಸಿಂಧದ ಶಾಹ ಹಸನನಿಗೆ ಈ ಎಲೆಗಳನ್ನು ಕಳುಹಿಸಿದ ಸಂಗತಿಯು ಅವನ ಆತ್ಮಚರಿತ್ರೆಯಲ್ಲಿ ಉಕ್ತವಾಗಿದೆ. ಮೊಗಲರಲ್ಲಿ ರೂಢವಾದ ಆಟಕ್ಕೆ 8 ರಂಗುಗಳು, 96 ಎಲೆಗಳು. ಪ್ರತಿ ರಂಗಿಗೂ ರಾಜ, ಮಂತ್ರಿ, ಮತ್ತು 1ರಿಂದ 10ರವರೆಗಿನ ಎಲೆಗಳುಂಟು. ರಾಜ ಮಂತ್ರಿಗಳ ತರುವಾಯ ಅರ್ಧ ರಂಗುಗಳಲ್ಲಿ 10 ಹಿರಿದು. ಉಳಿದರ್ಧದಲ್ಲಿ 1 ಹಿರಿದು. ಹಗಲಾಟವನ್ನು ಹೊನ್ನಿನ ನಾಣ್ಯದ ರಾಜನುಳ್ಳವನೂ ಇರುಳಾಟವನ್ನು ಬೆಳ್ಳಿಯ ನಾಣ್ಯದ ರಾಜನುಳ್ಳವನೂ ತೊಡಗುವರು. ಇಲ್ಲಿ ನಿಯಮವುಂಟು, ಪುರಾಣಕಥೆಯಿಲ್ಲ.

ದಶಾವತಾರ ಗಂಜೀಫಕ್ಕೆ 10 ರಂಗುಗಳು, 120 ಎಲೆಗಳು. ಮತ್ಸ್ಯಾದಿ ವಾಮನಾಂತವಾದ ಐದರಲ್ಲಿ 1 ಹಿರಿದು. ಪರಶುರಾಮಾದಿ ಕಲ್ಕ್ಯಂತವಾದ ಐದರಲ್ಲಿ 10 ಹಿರಿದು. ಹಗಲು ರಾಮನೂ ಇರುಳು ಕೃಷ್ಣನೂ ಆಟಕ್ಕೆ ಮೊದಲಿಗರು. ಇದೊಂದನ್ನೇ ಬಲ್ಲವನು, ರಾಮನು ಸೂರ್ಯವಂಶದವನು, ಮಧ್ಯಾಹ್ನದಲ್ಲಿ ಹುಟ್ಟಿದವನು. ಕೃಷ್ಣನು ಚಂದ್ರವಂಶದವನು, ನಡುವಿರುಳಿನಲ್ಲಿ ಹುಟ್ಟಿದವನು. ಆದುದರಿಂದ ಕಥೆಯಿಂದಲೇ ನಿಯಮವು ಹುಟ್ಟಿತೆಂದು ಹೇಳಬಹುದು. ಆದರೆ ಮೊಗಲರ ಆಟವೇ ಹಳೆಯದೆಂಬುದು ವಿದ್ವಾಂಸರ ಸಾಮಾನ್ಯಾಭಿಪ್ರಾಯ. ಎರಡನ್ನೂ ಹೋಲಿಸಿದರೆ ನಿಯಮವೇ ಹಿರಿದೆಂದೂ, ಕಥೆಯು ಅದಕ್ಕೆ ಒಪ್ಪುವಂತೆ ಬಂದು ಸೇರಿತೆಂದೂ ತೋರುತ್ತದೆ. ಹೊನ್ನಿಗೆ ಸೂರ್ಯವಂಶವೂ ಬೆಳ್ಳಿಗೆ ಚಂದ್ರವಂಶವೂ ದೊರೆತುವು.

ಹಾಗೆಂದು ಕಥೆಯು ಬರಿಯ ಅಲಂಕಾರವೆನ್ನಲಾಗದು. ಬಾಯಿಪಾಠವಾಗಿದ್ದ ನಿಯಮಕ್ಕೆ ಅದು ಅರ್ಥವನ್ನು ಕೊಟ್ಟಿತು. ರಾಮಕೃಷ್ಣರ ಜನ್ಮಕಥೆಯನ್ನು ಬಲ್ಲವನು ಆಟದ ಮೊದಲನ್ನು ಮರೆಯಲಾರನು. ಆದರೆ ಎಲ್ಲೆಡೆಯೂ ಈ ಹೊಂದಿಕೆಯಿಲ್ಲ. ಮನುಷ್ಯರೂಪಿಯಾದ ವಾಮನನು ಮತ್ಸ್ಯಕೂರ್ಮಾದಿಗಳ ಗುಂಪಿಗೆ ಸೇರಿದುದಕ್ಕೆ ಕಥೆಯಲ್ಲಿ ಕಾರಣವಿಲ್ಲ. ಹತ್ತನ್ನು ಸಮಭಾಗ ಮಾಡಬೇಕೆಂಬ ಲೆಕ್ಕವೇ ಕಾರಣ. ಅಲ್ಲಿ ಕಥೆಯು ನಿಯಮಕ್ಕೆ ತಲೆಬಾಗಿದೆ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟವನ್ನು ಬಹುವಾಗಿ ವಿಸ್ತರಿಸಿದರು. ಅವರ ಚಾಮುಂಡೇಶ್ವರೀ ಛದಕ್ಕೆ 320 ಎಲೆಗಳು, ಜಗನ್ಮೋಹನ ಛದಕ್ಕೆ 360 ಎಲೆಗಳು. ಒಂಬತ್ತು ನಿಧಿಗಳುಳ್ಳ ಶ್ರೀತತ್ತ್ವನಿಧಿಯಲ್ಲಿ, ದೇವತಾಮೂರ್ತಿಗಳ ಲಕ್ಷಣವನ್ನು ಹೇಳುವ ನಿಧಿಗಳ ಜತೆಗೇ ಆಟಗಳನ್ನು ಹೇಳುವ ಕೌತುಕನಿಧಿಯನ್ನೂ ಸೇರಿಸಿರುವುದು ಗಮನಾರ್ಹವು. ಮೂರ್ತಿಗೆ ಲಕ್ಷಣವು ಹೇಗೋ ಆಟಕ್ಕೆ ನಿಯಮವು ಹಾಗೆ.

ಇಂದು ಗಂಜೀಫವು ಹೆಚ್ಚಾಗಿ ಚಿತ್ರಕಲೆಯಾಗಿ ಉಳಿದಿದೆ, ಆಡಬಲ್ಲವರು ವಿರಳರು. ಎಲೆಯ ಮೇಲಿನ ರಾಮನನ್ನು ಕಂಡವನಿಗೆ ರಾಮನ ಗುರುತು ಸಿಕ್ಕೀತು. ಅವನು ಹಗಲಿನಲ್ಲೇಕೆ ಮೊದಲಿಗನೆಂಬುದು ಸಿಕ್ಕದು. ಆದಕಾರಣ ಎಲೆಗಳನ್ನು ಸಂಗ್ರಹಿಸುವವರು ಆಟದ ಕ್ರಮವನ್ನೂ, ಹಳೆಯ ಗ್ರಂಥದ ಪಾಠವನ್ನು ರಕ್ಷಿಸುವಷ್ಟೇ ಎಚ್ಚರದಿಂದ, ಬರೆದಿಡುವುದು ಅವಶ್ಯಕವು.