ಮುಖಪುಟ ಕಳೆದುಕೊಂಡ ಕಾದಂಬರಿ

ಹಳೆಯ ಕಾದಂಬರಿಗಳನ್ನು ಹುಡುಕುತ್ತ ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳ ಅಟ್ಟ ಹತ್ತಿದ್ದೇನೆ. ಸಿಕ್ಕ ಪುಸ್ತಕಗಳಲ್ಲಿ ಹೆಚ್ಚಿನವಕ್ಕೆ ಮುಖಪುಟವೇ ಇರುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಪುಸ್ತಕಗಳು ಸಾಮಾನ್ಯವಾಗಿ ತೆಳು ಕಾಗದದ ಹೊದಿಕೆಯಲ್ಲಿ ಬರುತ್ತಿದ್ದವು. ರಟ್ಟು ಕಟ್ಟಿಸುವುದು ಕೊಂಡವರ ಕೆಲಸ. ಪ್ಯಾರಿಸ್ಸಿನ ಪ್ರಕಾಶಕ ಎಟ್ಸೆಲ್, ಜೂಲ್ಸ್ ವರ್ನ್‌ನ ಸಚಿತ್ರ ಕಾದಂಬರಿಗಳಿಗೆ ಬಣ್ಣದ ಬಟ್ಟೆಯ ಮೇಲೆ ಚಿನ್ನದ ಅಚ್ಚೊತ್ತಿದ ರಟ್ಟನ್ನು ತಾನೇ ಹಾಕಿಸಿ ಮಾರಿದ. ಇಂದು ಸಂಗ್ರಾಹಕರು ಆ ರಟ್ಟಿನ ವಿನ್ಯಾಸ ನೋಡಿಯೇ ಪ್ರತಿಯ ಕಾಲ ಗುರುತಿಸುತ್ತಾರೆ.

ನಮ್ಮ ಮಲೆನಾಡಿಗೂ ಅಂಥ ಸಂಗ್ರಹಕ್ಕೆ ಬೇಕಾದ ಸಂಪತ್ತಿದೆ. ಕುಪ್ಪಳಿಯ ಕುವೆಂಪು ಅವರ 'ಕಾನೂರು ಹೆಗ್ಗಡಿತಿ' 1936ರದು, 'ಮಲೆಗಳಲ್ಲಿ ಮದುಮಗಳು' 1967ರದು. ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂತು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಅಕ್ಷರ ಪ್ರಕಾಶನವನ್ನೇ ಕಟ್ಟಿದರು.

ಇವುಗಳ ಹಳೆಯ ಪ್ರತಿಗಳಿಗೆ ಶತ್ರುಗಳು ಮಳೆಗಾಲದ ಥಂಡಿ, ಗೆದ್ದಲು, ಜೊತೆಗೆ ನಮ್ಮ ಅತಿ ಕಾಳಜಿ. 1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಹೊಸನಗರ ಸೀಮೆಯ ಮನೆ ಬಿಟ್ಟು ಬಂದ ನಮ್ಮಜ್ಜ 'ಕಾನೂರು ಹೆಗ್ಗಡಿತಿ'ಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಮುಳುಗಡೆಯಿಂದ ಪಾರಾದ ಆ ಪುಸ್ತಕ ನನ್ನ ಕೈಯಲ್ಲಿ ಸೋತಿತು. ಗಟ್ಟಿಯಾಗಲೆಂದು ಬೈಂಡಿಂಗಿಗೆ ಕೊಟ್ಟೆ. ಕ್ಯಾಲಿಕೋ ರಟ್ಟು ಬಂತು. ಮುಖಪುಟ, ಮುದ್ರಣದ ವಿವರದ ಹಾಳೆ, ಅಜ್ಜನ ರುಜು ಮೂರೂ ಹೋದವು. ಕತೆ ಪೂರ್ತಿ ಉಳಿದಿದೆ, ಪುಸ್ತಕದ ಚರಿತ್ರೆ ಉಳಿದಿಲ್ಲ.

ಈಗ ಬೈಂಡರಿಗೆ ಮೊದಲೇ ಹೇಳುತ್ತೇನೆ: "ಹರಿದಿದ್ದರೂ ಸರಿ, ಹಳೇ ಮುಖಪುಟ ಬಿಸಾಡಬೇಡಿ ಮಾರಾಯ್ರೆ, ಒಳಗೇ ಸೇರಿಸಿ ಹೊಲಿಯಿರಿ."