ಚಿನ್ನದ ಗಣಿಯ ಲೆಕ್ಕವೂ ಮನೆಯ ಗಣಕದ ಲೆಕ್ಕವೂ

ಕೋಲಾರದ ಚಿನ್ನದ ಗಣಿಗಳ ಇತಿಹಾಸವೆಂದೊಡನೆ ಸುರಂಗಗಳ ಆಳವೂ ದೊರೆತ ಚಿನ್ನದ ತೂಕವೂ ನೆನಪಿಗೆ ಬರುವುದು ಸಹಜ. ಆ ತೂಕದ ಲೆಕ್ಕವನ್ನು ಯಾರು ಇಟ್ಟರು, ಯಾರು ಪರೀಕ್ಷಿಸಬಲ್ಲವರಾಗಿದ್ದರು ಎಂಬುದೇ ಇಲ್ಲಿ ನಾವು ವಿಚಾರಿಸಬೇಕಾದ ಪ್ರಶ್ನೆ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಇಲ್ಲಿ ಕೆಲಸವನ್ನಾರಂಭಿಸಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ ರೈಲುದಾರಿಯಾಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದಿತು. ಚಿನ್ನವು ಇಂಗ್ಲೆಂಡಿಗೆ ಸಾಗಿತು. ವಾರ್ಷಿಕ ಲೆಕ್ಕವು ಅಲ್ಲಿನ ಷೇರುದಾರರ ಕೈ ಸೇರಿತು. ಬಂಡೆಯನ್ನು ಕೊರೆದವನಿಗೆ ಆ ಪುಸ್ತಕವನ್ನು ತೆರೆದು ನೋಡುವ ದಾರಿಯಿರಲಿಲ್ಲ. ಆದರೆ ಅವನ ಲೆಕ್ಕವು ಮಾತ್ರ ಆಡಳಿತಕ್ಕೆ ಬೇಕಾಗಿದ್ದಿತು: 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಕಾರ್ಮಿಕರು ಮುಷ್ಕರ ಹೂಡಿದರು.

ಈ ಹಿನ್ನೆಲೆಯಲ್ಲಿ ಬಿಟ್‌ಕಾಯಿನ್ನೆಂಬ ಗಣಕನಾಣ್ಯವನ್ನು ನೋಡುವುದು ಉಚಿತ. ಸತೋಶಿ ನಕಮೋಟೊ ಎಂಬ ಹೆಸರಿನಲ್ಲಿ 2008ರಲ್ಲಿ ಹೊರಬಂದ ಪ್ರಬಂಧವೇ ಹೊಸ ನಾಣ್ಯಗಳ ಸೃಷ್ಟಿಯನ್ನು ಚಿನ್ನದ ಗಣಿಗಾರಿಕೆಗೆ ಹೋಲಿಸಿದೆ. ಹೋಲಿಕೆಯು ಅಲ್ಲಿಗೆ ಮುಗಿಯುತ್ತದೆ; ಏಕೆಂದರೆ ಇದರ ಲೆಕ್ಕಪುಸ್ತಕವು ಒಂದೇ ಕಚೇರಿಯಲ್ಲಿಲ್ಲ. ಮನೆಯ ಗಣಕದಲ್ಲಿ ನೋಡ್ ಎಂಬ ತಂತ್ರಾಂಶವನ್ನು ನಡೆಸುವ ಯಾವನೂ 2009ರ ಮೊದಲ ಪುಟದಿಂದ ಸಮಸ್ತ ವ್ಯವಹಾರವನ್ನೂ ತಾನೇ ಪರಿಶೀಲಿಸಬಲ್ಲನು.

ಈ ಪುಸ್ತಕವನ್ನು ಪ್ರಶ್ನಿಸುವ ಬಾಗಿಲೇ ಕಮಾಂಡ್ ಲೈನ್. ಹಿನ್ನೆಲೆಯಲ್ಲಿ ಬಿಟ್‌ಕಾಯಿನ್‌ಡಿ ಎಂಬುದು ನಡೆಯುತ್ತಿರುತ್ತದೆ. ಬಿಟ್‌ಕಾಯಿನ್-ಸಿಎಲ್‌ಐ ಎಂಬುದರ ಮೂಲಕ ಆದೇಶವನ್ನು ಟೈಪು ಮಾಡಿದರೆ ಉತ್ತರ ದೊರೆಯುತ್ತದೆ. ಗೆಟ್‌ಬ್ಲಾಕ್‌ಚೈನ್‌ಇನ್‌ಫೋ ಎಂದರೆ ಪರಿಶೀಲನೆಯು ಎಲ್ಲಿಯವರೆಗೆ ಸಾಗಿದೆಯೆಂದು ತಿಳಿಯುವುದು. ಗೆಟ್‌ಟಿಎಕ್ಸ್‌ಔಟ್‌ಸೆಟ್‌ಇನ್‌ಫೋ ಎಂದರೆ ಖರ್ಚಾಗದೆ ಉಳಿದಿರುವ ನಾಣ್ಯದ ಒಟ್ಟು ಮೊತ್ತವೇ ಎದುರಿಗೆ ಬರುವುದು. ತಂತ್ರಾಂಶವು ಪ್ರತಿ ಸಲ ಪ್ರಾರಂಭವಾದಾಗಲೂ ಕುಕಿ ಎಂಬ ಗುಪ್ತ ಕಡತವೊಂದನ್ನು ರಚಿಸುತ್ತದೆ. ಅದನ್ನು ಓದಬಲ್ಲವನಿಗೆ ಮಾತ್ರ ಪ್ರವೇಶ. ಮೂಲ ಏರ್ಪಾಡಿನಂತೆ 8332ನೆಯ ಪೋರ್ಟು ಅದೇ ಗಣಕದ ಕರೆಗಳನ್ನು ಮಾತ್ರ ಸ್ವೀಕರಿಸುವುದು. ಅದನ್ನು ಅಂತರಜಾಲಕ್ಕೆ ತೆರೆದಿಡುವುದು ತಿಜೋರಿಯ ಕೋಣೆಯನ್ನು ಬೀದಿಗೆ ತೆರೆದಂತೆ. ಬಂಗಾರಪೇಟೆಯಲ್ಲಿ ಕುಳಿತು ಗಣಿಯೂರಿನ ಮನೆಯ ನೋಡನ್ನು ವಿಚಾರಿಸಬೇಕಾದವನು ಮೊದಲು ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಮಾರ್ಗದಿಂದ ಮನೆಯ ಗಣಕವನ್ನು ಪ್ರವೇಶಿಸಿ, ಅಲ್ಲಿಯೇ ಆದೇಶವನ್ನು ನೀಡುವುದು ಕ್ಷೇಮ.

ಆದರೆ ನಾವು ಉತ್ಪ್ರೇಕ್ಷೆಗೆ ಎಡೆಗೊಡಲಾರೆವು. ಲೆಕ್ಕವನ್ನು ಓದುವುದು ಬೇರೆ, ಸಂಪತ್ತನ್ನು ಪಡೆಯುವುದು ಬೇರೆ. ನೋಡನ್ನು ನಡೆಸಿದವನಿಗೆ ನಾಣ್ಯವೇನೂ ಸಲ್ಲದು. ಸಂಪೂರ್ಣ ಪುಸ್ತಕಕ್ಕೆ 600 ಗಿಗಾಬೈಟಿಗೂ ಮಿಕ್ಕ ಸ್ಥಳ ಬೇಕು. ಹಳೆಯ ಪುಟಗಳನ್ನು ಪರಿಶೀಲಿಸಿದ ಮೇಲೆ ಅಳಿಸುವ ಅವಕಾಶವಿದ್ದರೂ ಗಣಕ, ವಿದ್ಯುತ್ತು, ಇಂಗ್ಲಿಷ್ ಆದೇಶಗಳ ಪರಿಚಯ ಇವಿಲ್ಲದವನಿಗೆ ಈ ಬಾಗಿಲೂ ಮುಚ್ಚಿದ್ದೇ ಸರಿ.

2001ರ ಫೆಬ್ರುವರಿ 28ರಂದು ಕೋಲಾರದ ಗಣಿಗಳು ಮುಚ್ಚಿದವು. ಸಂಪತ್ತು ಎಷ್ಟು ಹುಟ್ಟಿತೆಂಬುದರ ಜೊತೆಗೆ, ಅದರ ಲೆಕ್ಕವನ್ನು ಕೇಳುವ ಅಧಿಕಾರ ಯಾರಿಗಿತ್ತೆಂಬುದನ್ನೂ ಇತಿಹಾಸದ ವಿದ್ಯಾರ್ಥಿಗಳು ವಿಚಾರಿಸಬೇಕೆಂಬುದೇ ನಮ್ಮ ಅಭಿಪ್ರಾಯ.