ಡುಬಾಯ್ಸರ ಫಿಲಡೆಲ್ಫಿಯಾ ಪರಿಶೋಧನೆ

ಅಮೆರಿಕಾ ದೇಶದ ಫಿಲಡೆಲ್ಫಿಯಾ ನಗರದ ಏಳನೆಯ ವಾರ್ಡಿನಲ್ಲಿ ಕಪ್ಪು ಜನರು ದಟ್ಟವಾಗಿ ನೆಲಸಿದ್ದರು. ಅಲ್ಲಿಯ ಬಡತನಕ್ಕೂ ಅಪರಾಧಗಳಿಗೂ ಅವರ ಹುಟ್ಟುಗುಣವೇ ಕಾರಣವೆಂದು ಬಿಳಿಯರನೇಕರು ನಂಬಿದ್ದರು. ಈ ವಾರ್ಡಿನ ಪರಿಶೋಧನೆಗೆಂದು 1896ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯವು ಡಬ್ಲ್ಯು. ಇ. ಬಿ. ಡುಬಾಯ್ಸ್ ಎಂಬ ತರುಣ ವಿದ್ವಾಂಸರನ್ನು ಕರೆಯಿಸಿಕೊಂಡಿತು. ಹಾರ್ವರ್ಡಿನಲ್ಲಿ ಪಿಎಚ್.ಡಿ. ಪದವಿಯನ್ನು ಪಡೆದ ಕಪ್ಪು ಜನರಲ್ಲಿ ಇವರೇ ಮೊದಲಿಗರು. ಆದರೂ ಇವರಿಗೆ ದೊರೆತುದು ತಾತ್ಕಾಲಿಕವಾದ ಸಹಾಯಕನ ಹುದ್ದೆ. ಪಾಠ ಹೇಳುವ ಅವಕಾಶವಿರಲಿಲ್ಲ.

ಡುಬಾಯ್ಸರು ಪತ್ನಿಯೊಡನೆ ಆ ವಾರ್ಡಿನಲ್ಲಿಯೇ ಬಿಡಾರ ಮಾಡಿ, ಸುಮಾರು 2,500 ಮನೆಗಳ ಬಾಗಿಲಿಗೆ ತಾವೇ ಹೋದರು. ಪರೀಕ್ಷೆಯ ವಸ್ತುಗಳಾಗುವುದು ನಿವಾಸಿಗಳಿಗೆ ಹಿಡಿಸಲಿಲ್ಲ. ತಮ್ಮ ಜನರನ್ನು ತಾವೇ ಚೆನ್ನಾಗಿ ಅರಿತಿರಲಿಲ್ಲವೆಂಬುದು ಆಗ ಡುಬಾಯ್ಸರಿಗೆ ಮನವರಿಕೆಯಾಯಿತು. 1899ರಲ್ಲಿ ಪ್ರಕಟವಾದ ಅವರ ಗ್ರಂಥವು, ಹಿಂದಣ ದಾಸ್ಯ, ಮುಚ್ಚಿದ ಉದ್ಯೋಗದ ಬಾಗಿಲು, ಏರಿದ ಮನೆಬಾಡಿಗೆ, ವರ್ಣದ್ವೇಷ ಇವುಗಳನ್ನು ಅಂಕಿಗಳ ಸಮೇತ ಮುಂದಿಟ್ಟು, ಹುಟ್ಟುಗುಣದ ವಾದವನ್ನು ಅಲ್ಲಗಳೆಯಿತು.

ಇಷ್ಟಾದರೂ ಆ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಪ್ರಾಧ್ಯಾಪಕಪೀಠವು ದೊರೆಯಲಿಲ್ಲ. 1897ರಲ್ಲಿ ಅವರು ಅಟ್ಲಾಂಟಾ ವಿಶ್ವವಿದ್ಯಾನಿಲಯವನ್ನು ಸೇರಿ, ಕಪ್ಪು ಜನರ ಜೀವನವನ್ನು ಕುರಿತ ವಾರ್ಷಿಕ ಸಮ್ಮೇಲನಗಳನ್ನು ನಡೆಸಿದರು. 1963ರಲ್ಲಿ ಗತಿಸಿದ ಅವರಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯವು ಗೌರವ ಪ್ರಾಧ್ಯಾಪಕರೆಂಬ ಪದವಿಯನ್ನಿತ್ತುದು 2012ರಲ್ಲಿ. ಒಂದು ಕೇರಿಯ ಸತ್ಯವನ್ನು ಅರಿಯಬಯಸುವ ವಿದ್ಯಾಪೀಠವು, ಆ ಸತ್ಯವನ್ನು ತಂದಿತ್ತವನಿಗೆ ತನ್ನೊಳಗೆ ಸಮಾನ ಸ್ಥಾನವನ್ನು ಕೊಡದಿದ್ದರೆ, ಅದರ ನ್ಯಾಯವು ಅರ್ಧದಲ್ಲಿಯೇ ನಿಂತಂತಾಗುತ್ತದೆ.